ಹಳೆಯ ಬೇಟೆ ರೈಫಲುಗಳ ತಡೆಕೀಲು: ಬದಲಾಯಿಸುವ ಮೊದಲು ತಿಳಿದಿರತಕ್ಕ ಸಂಗತಿಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ಅಡಕೆಯ ತೋಟಗಳು ಬಹುಮಟ್ಟಿಗೆ ಕಣಿವೆಯ ತಳದಲ್ಲಿದ್ದು, ಅವುಗಳ ಮಗ್ಗುಲಿಗೆ ಸೊಪ್ಪಿನ ಬೆಟ್ಟವೂ ಅದರಾಚೆಗೆ ಸರಕಾರಿ ಅಡವಿಯೂ ಹಬ್ಬಿಕೊಂಡಿರುತ್ತವೆ. ಆದಕಾರಣ ಹಂದಿ, ಮಂಗ, ಮುಳ್ಳುಹಂದಿ, ಕಾಡುಕೋಣಗಳ ಹಾವಳಿಯು ಇಲ್ಲಿಯ ತೋಟಿಗರಿಗೆ ಹೊಸದಲ್ಲ. ಬೆಳೆ ಕಾಯುವುದಕ್ಕಾಗಿ ಬಂದೂಕಿನ ಪರವಾನಗಿಯನ್ನು ಪಡೆದ ಮನೆಗಳೂ ವಿರಳವಲ್ಲ. ಈ ಬಂದೂಕುಗಳಲ್ಲಿ ಹೆಚ್ಚಿನವು ಕೇಪಿನ ಕೋವಿಗಳು, ಇಲ್ಲವೆ ಒಂಟಿ ನಳಿಗೆಯ ಅಥವಾ ಜೋಡು ನಳಿಗೆಯ ತೋಟಾ ಕೋವಿಗಳು. ಇವುಗಳಲ್ಲದೆ, ಬೇಟೆಯು ನಿಷಿದ್ಧವಾಗುವುದಕ್ಕೆ ಮುಂಚೆ ಕೊಂಡು, ಅಜ್ಜನಿಂದ ತಂದೆಗೂ ತಂದೆಯಿಂದ ಮಗನಿಗೂ ಪರವಾನಗಿಯ ಮೂಲಕ ಇಳಿದು ಬಂದ ರೈಫಲುಗಳು ಕೆಲವು ಹಳೆಯ ಮನೆತನಗಳಲ್ಲಿ ಉಂಟು. ಅವು ವರ್ಷದ ಬಹುಕಾಲ ಪೆಟ್ಟಿಗೆಯಲ್ಲಿಯೇ ಇರುತ್ತವೆ. ಪರವಾನಗಿಯನ್ನು ಹೊಸದು ಮಾಡಿಸುವಾಗಲೂ ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸುವಾಗಲೂ ಮಾತ್ರ ಹೊರಬೀಳುತ್ತವೆ.

ಇಂಥ ರೈಫಲುಗಳಲ್ಲಿ ಮೊದಲು ಕೆಡುವ ಅಥವಾ ಕಳೆದುಹೋಗುವ ಭಾಗಗಳಲ್ಲಿ ‘ಸೇಫ್ಟಿ’ ಎಂದು ಜನರು ಕರೆಯುವ ತಡೆಕೀಲೂ ಒಂದು. ಅದು ಚಿಕ್ಕದು, ಹೊರಗೆ ಚಾಚಿಕೊಂಡಿರುವುದು, ಬೆರಳಿಗೆ ಸಿಕ್ಕುವುದು. ಪರದೇಶದ ಬಂದೂಕುಗಳನ್ನು ಖಾಸಗಿ ಜನರು ತರಿಸುವುದಕ್ಕೆ ೧೯೮೦ರ ದಶಕದಿಂದ ಕಟ್ಟುನಿಟ್ಟಾದ ನಿರ್ಬಂಧವಿರುವುದರಿಂದ, ನೂರು ವರ್ಷದ ಹಿಂದಿನ ರೈಫಲಿಗೆ ಅದೇ ಕಾರಖಾನೆಯ ಹೊಸ ತಡೆಕೀಲು ದೊರೆಯುವುದು ದುಸ್ತರ. ಆಗ ಯಜಮಾನನ ಮನಸ್ಸು ಎರಡು ದಾರಿಗಳ ಕಡೆಗೆ ಓಡುತ್ತದೆ. ನೆಂಟರ ಮನೆಯಲ್ಲಿ ಮೂಲೆಗೆ ಬಿದ್ದಿರುವ ಇನ್ನೊಂದು ರೈಫಲಿನ ಕೀಲನ್ನು ಕಿತ್ತು ತಂದು ಇದಕ್ಕೆ ಹಾಕುವುದು ಒಂದು. ಊರಿನ ಆಚಾರಿಯ ಕೈಯಲ್ಲಿ ಹಳೆಯದನ್ನು ನೋಡಿ ಹೊಸದನ್ನು ಮಾಡಿಸುವುದು ಇನ್ನೊಂದು. ಎರಡೂ ಅಪಾಯಕರವಾದವು, ಎರಡೂ ಕಾಯಿದೆಗೆ ವಿರುದ್ಧವಾದವು. ಕಾಯಿದೆಯ ಮಾತನ್ನು ಆಮೇಲೆ ಹೇಳಲಾಗುವುದು. ಅಪಾಯವು ಹೇಗೆಂಬುದನ್ನು ತಿಳಿಯಬೇಕಾದರೆ ಈ ಕೀಲು ಒಳಗೆ ಮಾಡುವ ಕೆಲಸವನ್ನು ಮೊದಲು ಅರಿಯಬೇಕು.

ತಡೆಕೀಲಿನ ಕೆಲಸ

ಈ ಜಾತಿಯ ರೈಫಲಿನ ಹಿಂಭಾಗದಲ್ಲಿ, ಬಾಗಿಲಿನ ಅಗುಳಿಯಂತೆ ಹಿಂದಕ್ಕೂ ಮುಂದಕ್ಕೂ ಸರಿದು, ಹಿಡಿಕೆಯನ್ನು ಕೆಳಕ್ಕೆ ಮಡಚಿದೊಡನೆ ಬಿಗಿದು ನಿಲ್ಲುವ ಉಕ್ಕಿನ ದಿಂಡೊಂದಿರುತ್ತದೆ. ಬೋಲ್ಟು ಎಂಬುದು ಇದೇ. ಇಲ್ಲಿ ಅಗುಳಿ ಎಂದೇ ಕರೆಯೋಣ. ಅಗುಳಿಯ ಒಳಗೆ ಬಲವಾದ ಸುರುಳಿ ಸ್ಪ್ರಿಂಗೂ, ಅದರ ನಡುವೆ ಉದ್ದನೆಯ ಸೂಜಿಯೂ ಇರುತ್ತವೆ. ಸೂಜಿಯ ಬಾಲವು ಅಗುಳಿಯ ಹಿಂದುಗಡೆ ಹೊರಕ್ಕೆ ಕಾಣುತ್ತದೆ. ಅಗುಳಿಯನ್ನು ತೆರೆದು ಮುಚ್ಚಿದಾಗ ಬಾಲದ ಕೆಳಗಿನ ಹಲ್ಲು, ಟ್ರಿಗ್ಗರಿಗೆ ಸೇರಿದ ಒಂದು ಕಚ್ಚಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಸ್ಪ್ರಿಂಗು ಹೆದೆಯೇರಿಸಿದ ಬಿಲ್ಲಿನಂತೆ ಬಿಗಿದಿರುತ್ತದೆ. ಟ್ರಿಗ್ಗರನ್ನು ಎಳೆದೊಡನೆ ಕಚ್ಚು ತಗ್ಗಿ, ಸೂಜಿಯು ಮುಂದಕ್ಕೆ ಚಿಮ್ಮಿ, ತೋಟಾದ ಬುಡದಲ್ಲಿರುವ ಕೇಪನ್ನು ಕುಟ್ಟುತ್ತದೆ. ಅಂದರೆ ತೋಟಾ ತುಂಬಿ ಅಗುಳಿ ಹಾಕಿದ ರೈಫಲಿನಲ್ಲಿ ಸಾವಿಗೂ ಬದುಕಿಗೂ ನಡುವೆ ಇರುವುದು ಆ ಹಲ್ಲಿನ ಒಂದು ಸಣ್ಣ ಅಂಚು ಮಾತ್ರ.

ಈ ಅಂಚನ್ನು ನಂಬದೆ ಸೂಜಿಯನ್ನು ಬೇರೆ ರೀತಿಯಿಂದ ಹಿಡಿದಿಡುವುದೇ ತಡೆಕೀಲಿನ ಕೆಲಸ. ಆದರೆ ಎಲ್ಲ ತಡೆಕೀಲುಗಳೂ ಒಂದೇ ಸ್ಥಳವನ್ನು ಹಿಡಿಯುವುದಿಲ್ಲ. ಕೆಲವು ಸೂಜಿಯ ಬಾಲವನ್ನೇ ಹಿಡಿದು ನಿಲ್ಲಿಸುತ್ತವೆ. ಇನ್ನು ಕೆಲವು ಟ್ರಿಗ್ಗರು ಅಲುಗದಂತೆ ತಡೆಯುತ್ತವೆಯೇ ಹೊರತು ಸೂಜಿಯನ್ನು ಮುಟ್ಟುವುದಿಲ್ಲ. ಎರಡನೆಯ ಬಗೆಯದರಲ್ಲಿ ಹಲ್ಲೂ ಕಚ್ಚೂ ಸವೆದಿದ್ದರೆ, ತಡೆಕೀಲು ಹಾಕಿದ್ದರೂ ಕೂಡ, ರೈಫಲು ಕಲ್ಲಿನ ಮೇಲೆ ಬಿದ್ದ ಪೆಟ್ಟಿಗೆ ಸೂಜಿಯು ಜಾರಬಹುದು. ಹಳೆಯ ರೈಫಲುಗಳಿಗೆ ಮೊದಲಿನ ಕೀಲನ್ನು ತೆಗೆದು ಹೊಸ ತರಹದ ಟ್ರಿಗ್ಗರನ್ನೂ ಅದಕ್ಕೆ ಕೂಡಿದ ಪಕ್ಕದ ತಡೆಕೀಲನ್ನೂ ಹಾಕಿಸುವ ರೂಢಿಯು ಪರದೇಶಗಳಲ್ಲಿ ಉಂಟು. ನೋಟಕ್ಕೆ ಅದು ಚೊಕ್ಕಟವಾಗಿ ಕಾಣುವುದು ನಿಜ. ಆದರೆ ಸೂಜಿಯನ್ನೇ ಹಿಡಿಯುವ ಹಳೆಯ ಕೀಲನ್ನು ಬಿಟ್ಟು ಟ್ರಿಗ್ಗರನ್ನು ಮಾತ್ರ ಹಿಡಿಯುವ ಕೀಲಿಗೆ ಬಂದಂತಾಗುತ್ತದೆ ಎಂಬುದನ್ನು ಕೊಳ್ಳುವವರು ಯೋಚಿಸುವುದು ಕಡಿಮೆ.

ಎರಡು ಮುಖ್ಯ ಮಾದರಿಗಳು

ನಮ್ಮ ದೇಶದ ಹಳೆಯ ಬೇಟೆ ರೈಫಲುಗಳನ್ನು ಸ್ಥೂಲವಾಗಿ ಎರಡು ವಂಶಗಳಲ್ಲಿ ಸೇರಿಸಬಹುದು. ಜರ್ಮನಿಯ ಮೌಸರ್ ವಂಶ ಒಂದು. ಇಂಗ್ಲೀಷರ ಲೀ ಎನ್‌ಫೀಲ್ಡ್ ವಂಶ ಮತ್ತೊಂದು.

ಮೌಸರ್ ಕಾರಖಾನೆಯ ೧೮೯೮ನೆಯ ಇಸವಿಯ ಮಾದರಿಯು ಲೋಕಪ್ರಸಿದ್ಧವಾದುದು. ಲಂಡನ್ನಿನ ರಿಗ್ಬಿ ಮುಂತಾದ ಕಂಪೆನಿಗಳು ಮೌಸರ್ ಅಗುಳಿಯನ್ನೇ ತರಿಸಿಕೊಂಡು ತಮ್ಮ ಬೇಟೆ ರೈಫಲುಗಳನ್ನು ಕಟ್ಟುತ್ತಿದ್ದವು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ೧೯೦೭ರಲ್ಲಿ ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರರು ಬಹುಮಾನವಾಗಿ ಕೊಟ್ಟ .೨೭೫ ಬೋರಿನ ರಿಗ್ಬಿ ರೈಫಲು ಈ ವಂಶದ್ದೇ. ಇದರ ತಡೆಕೀಲು ಅಗುಳಿಯ ಹಿಂದಲೆಯ ಮೇಲೆ ಚಿಕ್ಕ ರೆಕ್ಕೆಯಂತೆ ನಿಂತಿರುತ್ತದೆ. ರೆಕ್ಕೆಯು ಎಡಕ್ಕೆ ಮಲಗಿದ್ದರೆ ರೈಫಲು ಹಾರುವುದು. ನೆಟ್ಟಗೆ ಮೇಲಕ್ಕೆ ನಿಂತಿದ್ದರೆ ಸೂಜಿಯು ಬಂಧಿತವಾಗಿರುವುದು, ಆದರೆ ಅಗುಳಿಯನ್ನು ತೆರೆಯಬಹುದು. ಬಲಕ್ಕೆ ಮಲಗಿದ್ದರೆ ಸೂಜಿಯೂ ಅಗುಳಿಯೂ ಎರಡೂ ಬಂಧಿತವಾಗಿರುವವು. ನಡುವಣ ಸ್ಥಾನವೇ ಈ ಕೀಲಿನ ಹೆಚ್ಚಳ. ಸೂಜಿಯನ್ನು ಬಿಡದೆಯೇ ತೋಟಾಗಳನ್ನು ಹೊರತೆಗೆಯುವುದಕ್ಕೆ ಇದರಿಂದ ಅನುಕೂಲವಾಗುತ್ತದೆ. ಅಗುಳಿಯನ್ನು ಬಿಚ್ಚಿ ಒರಸುವಾಗಲೂ ರೆಕ್ಕೆಯು ಈ ಸ್ಥಾನದಲ್ಲಿಯೇ ಇರಬೇಕು.

ಮೌಸರ್ ತಡೆಕೀಲಿನ ಬುಡದಲ್ಲಿ ಒಂದು ಓರೆಯಾದ ಮುಖವಿರುತ್ತದೆ. ರೆಕ್ಕೆಯನ್ನು ಮೇಲಕ್ಕೆ ತಿರುಗಿಸಿದಾಗ ಆ ಓರೆಮುಖವು ಸೂಜಿಯ ಬಾಲವನ್ನು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆದು, ಹಲ್ಲನ್ನು ಕಚ್ಚಿನಿಂದ ಬಿಡಿಸಿ ತಾನೇ ಹೊರುತ್ತದೆ. ಈ ಕೂದಲೆಳೆಯಷ್ಟು ಅಂತರದ ಮೇಲೆಯೇ ಎಲ್ಲವೂ ನಿಂತಿದೆ. ಕೀಲಿನ ಮುಖವು ಒಂದಿಷ್ಟು ಸವೆದಿದ್ದರೆ ಅದು ಬಾಲವನ್ನು ಹಿಂದಕ್ಕೆ ಸೆಳೆಯಲಾರದು. ಒಂದಿಷ್ಟು ದಪ್ಪವಾಗಿದ್ದರೆ ರೆಕ್ಕೆಯೇ ತಿರುಗದು. ಕಾರಖಾನೆಯಲ್ಲಿ ಆಯಾ ರೈಫಲಿಗೆ ಆಯಾ ಕೀಲನ್ನು ಕುಶಲಿಯು ಕೈಯಿಂದ ಹೊಂದಿಸಿ ಕೂಡಿಸುವುದು ಇದಕ್ಕಾಗಿಯೇ. ಒಂದು ಬೀಗದ ಕೈಯನ್ನು ಇನ್ನೊಂದು ಬೀಗಕ್ಕೆ ಹಾಕಿದಂತಲ್ಲ ಇದು. ಬೇರೆ ಬೀಗದ ಕೈ ತಿರುಗಲೊಲ್ಲದು, ಅಷ್ಟಕ್ಕೇ ಮುಗಿಯಿತು. ಬೇರೆ ರೈಫಲಿನ ತಡೆಕೀಲಾದರೋ ತಿರುಗುತ್ತದೆ, ತನ್ನ ಸ್ಥಾನದಲ್ಲಿ ನಿಲ್ಲುತ್ತದೆ, ಒಳಗೆ ಕೆಲಸ ಮಾತ್ರ ಮಾಡುವುದಿಲ್ಲ.

ಇದರ ಮೇಲೆ, ೧೮೯೮ಕ್ಕೆ ಮುಂಚಿನ ೧೮೯೩, ೧೮೯೫, ೧೮೯೬ನೆಯ ಇಸವಿಗಳ ಮೌಸರ್ ಮಾದರಿಗಳ ರೆಕ್ಕೆಯೂ ದೂರದಿಂದ ನೋಡುವವರಿಗೆ ಹಾಗೆಯೇ ಕಾಣುತ್ತದೆ. ಇವು ೧೮೯೮ರ ಮಾದರಿಗೆ ಸಲ್ಲುವುದಿಲ್ಲ. ಹೆಸರು ಒಂದೇ, ಆಕಾರವೂ ಒಂದೇ ಎಂದು ಬಗೆದು ಹಾಕಿಸಿದವರು ಕೆಟ್ಟಿದ್ದಾರೆ.

ರೈಫಲಿನ ಮೇಲೆ ದೂರದರ್ಶಕವನ್ನು ಕೂಡಿಸಿದಲ್ಲಿ ನೆಟ್ಟಗೆ ನಿಲ್ಲುವ ರೆಕ್ಕೆಯು ಅದಕ್ಕೆ ತಾಗುತ್ತದೆ. ಆದುದರಿಂದ ಅಂಥ ರೈಫಲುಗಳಿಗೆ ತಗ್ಗಾಗಿ, ಮಗ್ಗುಲಿಗೆ ತಿರುಗುವ ಬೇರೆ ಕೀಲನ್ನು ಹಾಕುವ ಪದ್ಧತಿಯು ಬಂತು. ಅವುಗಳಲ್ಲಿ ಮೂರು ಸ್ಥಾನದವೂ ಇವೆ, ಎರಡೇ ಸ್ಥಾನದವೂ ಇವೆ. ಎರಡೇ ಸ್ಥಾನವಿದ್ದು, ತಡೆಯ ಸ್ಥಾನದಲ್ಲಿ ಅಗುಳಿಯೂ ಬಿಗಿಯುವಂಥ ಕೀಲಾದರೆ ತೋಟಾ ತೆಗೆಯುವುದಕ್ಕೆ ಮೊದಲು ತಡೆಯನ್ನು ಬಿಡಲೇಬೇಕಾಗುತ್ತದೆ. ಇದರ ಕೇಡು ಎಷ್ಟೆಂಬುದಕ್ಕೆ ಅಮೆರಿಕೆಯಲ್ಲಿ ನಡೆದ ಸಂಗತಿಯು ಸಾಕು. ಅಲ್ಲಿಯ ರೆಮಿಂಗ್ಟನ್ ಕಂಪೆನಿಯ ೭೦೦ನೆಯ ಮಾದರಿಯ ರೈಫಲುಗಳಲ್ಲಿ ೧೯೮೨ಕ್ಕೆ ಮುಂಚೆ ತಯಾರಾದವು ಹೀಗೆಯೇ ಇದ್ದವು. ೨೦೦೦ನೆಯ ಇಸವಿಯಲ್ಲಿ ಮೊಂಟಾನಾ ಸಂಸ್ಥಾನದಲ್ಲಿ ಬೇಟೆ ಮುಗಿಸಿ ಬಂದ ಒಂದು ಕುಟುಂಬದವರು ಅಂಥ ರೈಫಲನ್ನು ಬರಿದು ಮಾಡುವುದಕ್ಕಾಗಿ ತಡೆಕೀಲನ್ನು ಬಿಟ್ಟೊಡನೆ ಗುಂಡು ಹಾರಿ, ಅವರ ಒಂಬತ್ತು ವರ್ಷದ ಮಗನು ಮೃತನಾದನು. ಕಂಪೆನಿಯು ತನ್ನ ರೈಫಲಿನಲ್ಲಿ ದೋಷವಿದೆಯೆಂದು ಒಪ್ಪಲಿಲ್ಲ. ಆದರೂ ೨೦೦೨ರಲ್ಲಿ ಹಳೆಯ ರೈಫಲುಗಳಿಂದ ಆ ಅಗುಳಿಬಂಧವನ್ನು ತೆಗೆದುಕೊಡುವ ಏರ್ಪಾಡನ್ನು ಮಾಡಿತು.

ಲೀ ಎನ್‌ಫೀಲ್ಡ್ ವಂಶದ ರೈಫಲುಗಳಲ್ಲಿ ನಮ್ಮ ಜನರಿಗೆ ಹೆಚ್ಚು ಪರಿಚಿತವಾದುದು ಬಂಗಾಲದ ಇಶಾಪುರದ ಸರಕಾರಿ ರೈಫಲು ಕಾರಖಾನೆಯ .೩೧೫ ಬೋರಿನದು. ಸೈನ್ಯದ .೩೦೩ ಬೋರು ಖಾಸಗಿ ಜನರಿಗೆ ನಿಷಿದ್ಧವಾಗಿದ್ದುದರಿಂದ ಬೇರೆ ತೋಟಾಕ್ಕೆ ಹೊಂದುವಂತೆ ಇದನ್ನು ಮಾಡಿದರು. ಲೀ ಎನ್‌ಫೀಲ್ಡಿನ ೧೮೯೫ರ ಮೊದಲ ಮಾದರಿಯಲ್ಲಿ ತಡೆಕೀಲು ಸೂಜಿಯ ಬಾಲದ ಮೇಲೆಯೇ ಇತ್ತು. ೧೯೦೩ರ ಮೋಟು ಮಾದರಿಯಿಂದ ಅದು ರೈಫಲಿನ ಎಡಮಗ್ಗುಲಿಗೆ, ಹೆಬ್ಬೆರಳಿಗೆ ನಿಲುಕುವಲ್ಲಿಗೆ ಬಂತು. ಮುಂದಕ್ಕಿದ್ದರೆ ಹಾರುವುದು, ಹಿಂದಕ್ಕಿದ್ದರೆ ತಡೆಯುವುದು. ಎಡಮಗ್ಗುಲಿನ ಈ ಕೀಲು ಎರಡು ತುಂಡುಗಳಿಂದಾದುದು. ಹೊರಗೆ ಕಾಣುವ ಹಿಡಿಕೆಯೂ, ಒಳಹೊಕ್ಕು ಬಾಲವನ್ನು ಹಿಡಿಯುವ ದಿಂಡೂ ಒಂದಕ್ಕೊಂದು ಮರೆಯಿಂದ ಕೂಡಿಕೊಂಡಿರುತ್ತವೆ. ಈ ಮರೆಯು ಸಾಮಾನ್ಯ ಸ್ಕ್ರೂವಿನಂತೆ ಒಂಟಿ ಗೆರೆಯದಲ್ಲ. ಹಲವು ಗೆರೆಗಳು ಒಟ್ಟಿಗೆ ಹೊರಡುವಂಥದು. ಬಿಚ್ಚಿ ಮತ್ತೆ ಕೂಡಿಸುವಾಗ ಒಂದು ಗೆರೆಯ ಬದಲು ಪಕ್ಕದ ಗೆರೆಗೆ ಕೊಟ್ಟರೆ ಹಿಡಿಕೆಯು ಹಿಂದಕ್ಕೆ ಬಂದಾಗ ದಿಂಡು ಬಾಲದವರೆಗೆ ತಲುಪಿರುವುದಿಲ್ಲ. ಎಣ್ಣೆ ಹಾಕುವೆನೆಂದು ಈ ಎರಡು ತುಂಡುಗಳನ್ನು ಬೇರೆ ಮಾಡಕೂಡದು.

ಕೆಡುವುದಕ್ಕೆ ಕಾರಣಗಳು

ಜೂನದಿಂದ ಸೆಪ್ಟೆಂಬರದವರೆಗೆ ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಗಾಳಿಯೇ ತೇವವಾಗಿರುತ್ತದೆ. ಬಟ್ಟೆಯ ಚೀಲದಲ್ಲಿ ಸುತ್ತಿಟ್ಟ ರೈಫಲು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೇ ತುಕ್ಕು ಹಿಡಿಯುವುದು. ಬಟ್ಟೆಯೂ ಚರ್ಮವೂ ನೀರನ್ನು ಹೀರಿಕೊಂಡು ಉಕ್ಕಿಗೆ ಕೊಡುತ್ತವೆ. ಎಣ್ಣೆ ಸವರಿ ಬಿಚ್ಚಾಗಿ, ಗಾಳಿಯಾಡುವ ಬೀಗದ ಕಪಾಟಿನಲ್ಲಿ ನಿಲ್ಲಿಸುವುದು ಮೇಲು. ಅಡಕೆ ಬೇಯಿಸುವ ಒಲೆಯ ಮೇಲಣ ಅಟ್ಟವು ಬೆಚ್ಚಗಿರುವುದೆಂದು ಅಲ್ಲಿ ಇಡುವವರುಂಟು. ಬೆಚ್ಚಗಿರುವುದು ನಿಜ, ಆದರೆ ಹೊಗೆಯ ಮಸಿಯು ಕೀಲುಗಳ ಸಂದಿನಲ್ಲಿ ಸೇರಿ ಎಣ್ಣೆಯೊಡನೆ ಕಲಸಿ ಗೋಂದಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಮನೆಯಲ್ಲಿ ಯಾವಾಗಲೂ ಸಿಕ್ಕುವುದು ಕೊಬ್ಬರಿ ಎಣ್ಣೆ. ಅದು ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೆಪ್ಪುಗಟ್ಟುವುದೆಂಬುದನ್ನು ಚಳಿಗಾಲದ ಮುಂಜಾನೆ ಸೀಸೆಯನ್ನು ನೋಡಿದ ಪ್ರತಿಯೊಬ್ಬರೂ ಬಲ್ಲರು. ಹಂದಿಯು ತೋಟಕ್ಕೆ ಇಳಿಯುವುದೂ ಅದೇ ಹೊತ್ತಿನಲ್ಲಿ. ಸೀಸೆಯಲ್ಲಿ ಹೆಪ್ಪುಗಟ್ಟಿದ ಎಣ್ಣೆಯು ಅಗುಳಿಯ ಒಳಗೂ ಹೆಪ್ಪುಗಟ್ಟಿರುತ್ತದೆ. ಆಗ ತಡೆಕೀಲು ತನ್ನ ಸ್ಥಾನವನ್ನು ಪೂರ್ತಿ ಮುಟ್ಟುವುದಿಲ್ಲ, ಟ್ರಿಗ್ಗರಿನ ಕಚ್ಚು ತಗ್ಗಿದ ಮೇಲೆ ತಡೆದು ಮೇಲೇರುತ್ತದೆ. ಇಂಥ ರೈಫಲಿನ ಯಜಮಾನನು ತಡೆಕೀಲು ಸವೆದಿದೆಯೆಂದು ತಿಳಿದು ಬೇರೆ ಕೀಲನ್ನು ಹುಡುಕಹೊರಡುವುದುಂಟು. ಸೀಮೆಎಣ್ಣೆಯಿಂದ ತೊಳೆದು, ಒಣಬಟ್ಟೆಯಿಂದ ಒರಸಿ, ತೆಳ್ಳಗಿನ ಖನಿಜ ಎಣ್ಣೆಯನ್ನು ಒಂದೆರಡು ತೊಟ್ಟು ಹಾಕಿದಲ್ಲಿ ಕೀಲು ಸರಿಹೋಗುವುದೂ ಉಂಟು. ಹೊಲಿಗೆಯಂತ್ರದ ಎಣ್ಣೆಯು ಈ ಕೆಲಸಕ್ಕೆ ಸಾಕು.

ಪರೀಕ್ಷಿಸುವ ಕ್ರಮ

ಇಲ್ಲಿ ಹೇಳುವ ಪರೀಕ್ಷೆಯನ್ನು ಯಾವ ಯಜಮಾನನಾದರೂ ಮಾಡಬಹುದು, ಏನನ್ನೂ ಬಿಚ್ಚಬೇಕಾಗಿಲ್ಲ. ಮಳೆಗಾಲ ಕಳೆದ ಮೇಲೊಮ್ಮೆ, ಠಾಣೆಯಿಂದ ಬಂದೂಕನ್ನು ಮರಳಿ ತಂದಾಗಲೊಮ್ಮೆ ಇದನ್ನು ತಪ್ಪದೆ ಮಾಡತಕ್ಕದ್ದು.

ಮೊದಲು ತೋಟಾಗಳೆಲ್ಲವನ್ನೂ ಬೇರೊಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಬೇಕು. ಅಗುಳಿಯನ್ನು ತೆರೆದು ನಳಿಗೆಯ ಬುಡವನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ, ಬರಿದಾಗಿದೆಯೆಂದು ನಿಶ್ಚಯಿಸಬೇಕು. ನಳಿಗೆಯ ಬಾಯನ್ನು ಮಣ್ಣಿನ ದರೆಗೆ ಹಿಡಿದಿರಬೇಕು. ಗೋಡೆಯ ಆಚೆ ಮನುಷ್ಯರಿರಬಹುದು. ಅನಂತರ ಅಗುಳಿಯನ್ನು ಮುಚ್ಚಿ ತಡೆಕೀಲನ್ನು ಹಾಕಿ ಟ್ರಿಗ್ಗರನ್ನು ಸಾಧಾರಣಕ್ಕಿಂತ ತುಸು ಬಲವಾಗಿ ಎಳೆಯಬೇಕು. ಸೂಜಿ ಬೀಳಬಾರದು. ಇಷ್ಟನ್ನು ಎಲ್ಲರೂ ಮಾಡುತ್ತಾರೆ; ಮಾಡಿ ತೃಪ್ತರಾಗಿ ರೈಫಲನ್ನು ಒಳಗಿಡುತ್ತಾರೆ.

ಪರೀಕ್ಷೆಯ ಮುಖ್ಯಭಾಗವು ಇದಾದ ಮೇಲೆ ಇರುವುದು. ಟ್ರಿಗ್ಗರಿನಿಂದ ಬೆರಳನ್ನು ಪೂರ್ತಿಯಾಗಿ ತೆಗೆದು, ಅದನ್ನು ಮುಟ್ಟದೆ, ತಡೆಕೀಲನ್ನು ಮಾತ್ರ ಹಾರುವ ಸ್ಥಾನಕ್ಕೆ ತಿರುಗಿಸಬೇಕು. ಆಗ ‘ಟಕ್’ ಎಂದು ಸೂಜಿ ಬಿದ್ದಲ್ಲಿ ಆ ರೈಫಲು ಕೊಲೆಗಡುಕ ರೈಫಲೆಂದು ತಿಳಿಯಬೇಕು. ಕಾರಣವೇನೆಂದರೆ: ತಡೆಕೀಲು ಹಾಕಿದ್ದಾಗ ಟ್ರಿಗ್ಗರನ್ನೆಳೆದುದರಿಂದ ಕಚ್ಚು ತಗ್ಗಿತು, ತಡೆಕೀಲು ಬಾಲವನ್ನು ಸಾಕಷ್ಟು ಹಿಂದಕ್ಕೆ ಸೆಳೆದಿರದ ಕಾರಣ ಕಚ್ಚಿಗೆ ಮರಳಿ ಏರುವುದಕ್ಕೆ ಎಡೆ ದೊರೆಯಲಿಲ್ಲ, ಈಗ ಸೂಜಿಯನ್ನು ಹಿಡಿದಿದ್ದುದು ತಡೆಕೀಲೊಂದೇ, ಅದನ್ನು ಬಿಟ್ಟೊಡನೆ ಸೂಜಿಯೂ ಹಾರಿತು. ತೋಟದಲ್ಲಿ ದಣಪೆ ದಾಟುವಾಗ ಒಂದು ಕಡ್ಡಿಯು ಟ್ರಿಗ್ಗರಿಗೆ ತಗಲಿ, ಅರ್ಧ ತಾಸಿನ ಮೇಲೆ ಮನೆಯ ಜಗಲಿಯಲ್ಲಿ ತಡೆಕೀಲನ್ನು ಬಿಟ್ಟಾಗ ಗುಂಡು ಹಾರುವುದು ಈ ರೀತಿಯಿಂದಲೇ. ಬೇರೆ ರೈಫಲಿನಿಂದ ಕಿತ್ತು ತಂದ ಕೀಲಿನಲ್ಲಿ ಈ ದೋಷವು ಬಹಳ ಸುಲಭವಾಗಿ ಸೇರಿಕೊಳ್ಳುತ್ತದೆ.

ಸೂಜಿ ಬೀಳದಿದ್ದರೆ, ಇನ್ನು ಟ್ರಿಗ್ಗರನ್ನೆಳೆದು ಅದು ಸರಿಯಾಗಿ ಬೀಳುವುದನ್ನು ನೋಡಬೇಕು. ಬಳಿಕ ಅಗುಳಿಯನ್ನು ಮತ್ತೆ ತೆರೆದು ಮುಚ್ಚಿ, ಮೊದಲು ತಡೆಕೀಲು ಹಾಕಿಯೂ ಆಮೇಲೆ ಬಿಟ್ಟೂ, ಮರದ ಹಿಡಿಯ ಬುಡವನ್ನು ಅಂಗೈಯಿಂದ ಎಲ್ಲ ಕಡೆಗೂ ಗುದ್ದಬೇಕು. ಯಾವ ಪೆಟ್ಟಿಗೂ ಸೂಜಿ ಜಾರಕೂಡದು. ಮೌಸರ್ ಆದರೆ ನಡುವಣ ಸ್ಥಾನದಲ್ಲಿ ಅಗುಳಿಯು ತೆರೆಯುವುದನ್ನೂ, ಬಲಗಡೆಯ ಸ್ಥಾನದಲ್ಲಿ ತೆರೆಯದಿರುವುದನ್ನೂ ನೋಡಿಕೊಳ್ಳಬೇಕು. ಇವುಗಳಲ್ಲಿ ಒಂದು ತಪ್ಪಿದರೂ ರೈಫಲಿಗೆ ತೋಟಾ ತುಂಬಕೂಡದು. ಬರಿಯ ನಳಿಗೆಯಲ್ಲಿ ಸೂಜಿಯನ್ನು ಪದೇ ಪದೇ ಬೀಳಿಸಿದರೆ ಅದರ ಮೊನೆಗೆ ಕೇಡು. ಮದ್ದಿಲ್ಲದ ಹುಸಿ ತೋಟಾ ಇದ್ದಲ್ಲಿ ಅದನ್ನು ಹಾಕಿ ನೋಡುವುದು ಒಳ್ಳೆಯದು.

ಯಾರ ಕೈಯಲ್ಲಿ ಮಾಡಿಸಬೇಕು

ನಮ್ಮ ಊರುಗಳ ಆಚಾರಿಗಳು ಅಡಕೆ ಸುಲಿಯುವ ಮೆಟ್ಟುಗತ್ತಿಯನ್ನೂ ಕೊನೆ ಕೊಯ್ಯುವ ಕತ್ತಿಯನ್ನೂ ಮಾಡುವುದರಲ್ಲಿ ನಿಸ್ಸೀಮರು. ಅವರ ಕುಶಲತೆಗೆ ಕುಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬಂದೂಕಿನ ಈ ಚಿಕ್ಕ ಭಾಗಗಳ ಉಕ್ಕು ಬೇರೆ ಬಗೆಯದು. ಒಳಗೆ ಮೆದುವಾಗಿದ್ದು ಮೇಲ್ಪದರ ಮಾತ್ರ ಗಟ್ಟಿ ಮಾಡಿದ್ದಿರುತ್ತದೆ. ಹೊಂದುವುದಿಲ್ಲವೆಂದು ಅರವನ್ನು ಆಡಿಸಿದರೆ ಗಟ್ಟಿಪದರ ಹೋಗಿ, ಕೀಲು ಇಂದು ಹೊಂದಿದ್ದು ಕೆಲವು ದಿವಸಗಳಲ್ಲಿಯೇ ಸವೆಯುವುದು. ಸೂಜಿಯ ಬಾಲಕ್ಕೆ ಅಥವಾ ಕಚ್ಚಿಗೆ ಅರ ತಾಗಿಸಿದರಂತೂ ರೈಫಲಿನ ಮೂಲವೇ ಕೆಟ್ಟಂತೆ. ಬಲ್ಲ ಕುಶಲಿಯು ತೀಡಬೇಕಾದಾಗ ಹೊಸ ಕೀಲನ್ನೇ, ಮಸಿ ಹಚ್ಚಿ ತಾಗುವ ಸ್ಥಳವನ್ನು ನೋಡಿ ನೋಡಿ, ತೀಡುತ್ತಾನೆ. ರೈಫಲಿನ ಸ್ವಂತ ಭಾಗಗಳನ್ನು ಮುಟ್ಟುವುದಿಲ್ಲ.

ಕೀಲು ಸಿಗದಾಗ ಇನ್ನೊಂದು ರೈಫಲಿನ ಅಗುಳಿಯನ್ನೇ ಇಡಿಯಾಗಿ ತಂದು ಸೇರಿಸುವ ಉಪಾಯವನ್ನು ಕೆಲವರು ಹೇಳುವುದುಂಟು. ಇದು ಎಲ್ಲಕ್ಕಿಂತ ಕೆಟ್ಟದ್ದು. ಅಗುಳಿಯ ಮುಖಕ್ಕೂ ನಳಿಗೆಯಲ್ಲಿ ಕುಳಿತ ತೋಟಾದ ಬುಡಕ್ಕೂ ನಡುವಣ ಸಂದು ಪ್ರತಿಯೊಂದು ರೈಫಲಿಗೆ ಅಳೆದು ಇಟ್ಟದ್ದು. ಸಂದು ಹೆಚ್ಚಾದರೆ ತೋಟಾದ ಹಿತ್ತಾಳೆ ಹರಿದು, ಉರಿಯುವ ಮದ್ದಿನ ಹೊಗೆಯು ಹೊಡೆಯುವವನ ಕಣ್ಣಿಗೆ ಹಿಂದಕ್ಕೆ ನುಗ್ಗುವುದು. ಹಳೆಯ ರೈಫಲುಗಳ ಅಗುಳಿಯ ಮೇಲೆ ನಳಿಗೆಯ ಅಂಕಿಯನ್ನೇ ಮತ್ತೆ ಒತ್ತಿರುವುದು ಎಷ್ಟೋ ಕಡೆ ಕಂಡುಬರುತ್ತದೆ. ಎರಡು ಅಂಕಿಗಳು ಬೇರೆಯಾಗಿದ್ದರೆ ಹಿಂದೆ ಎಂದೋ ಅಗುಳಿಯನ್ನು ಬದಲಾಯಿಸಿದ್ದಾರೆಂದು ಊಹಿಸಿ, ಪರೀಕ್ಷೆಯಾಗುವ ತನಕ ಹೊಡೆಯದಿರುವುದು ಲೇಸು.

ಇನ್ನು ಕಾಯಿದೆಯ ಮಾತು. ೧೯೫೯ರ ಆಯುಧ ಕಾಯಿದೆಯ ೫ನೆಯ ಕಲಮಿನ ಮೇರೆಗೆ ಬಂದೂಕುಗಳನ್ನು ಮಾಡುವುದಕ್ಕೆ ಮಾತ್ರವಲ್ಲ, ದುರಸ್ತಿ ಮಾಡುವುದಕ್ಕೂ ಮಾರ್ಪಡಿಸುವುದಕ್ಕೂ ಬೇರೆಯೇ ಪರವಾನಗಿ ಬೇಕು. ಬಂದೂಕನ್ನು ಇಟ್ಟುಕೊಳ್ಳುವ ಪರವಾನಗಿಯು ಅದನ್ನು ದುರಸ್ತಿ ಮಾಡುವ ಅಧಿಕಾರವನ್ನು ಕೊಡುವುದಿಲ್ಲ. ಆ ಕಾಯಿದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೆಂದೇ ಎಣಿಸಲ್ಪಡುತ್ತವೆ. ಆದಕಾರಣ ನೆಂಟರ ರೈಫಲಿನ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಬಂದವನು, ತಾನು ಒಂದು ಮೊಳೆಯನ್ನು ತಂದಂತೆ ಎಂದು ಭಾವಿಸಿದ್ದರೂ, ಕಾಯಿದೆಯ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಮಾಡಿಕೊಟ್ಟ ಆಚಾರಿಯೂ ಶಿಕ್ಷೆಗೆ ಗುರಿಯಾಗುವನು. ಬಿಡಿಭಾಗಗಳಿಗಾಗಿ ಕೆಟ್ಟ ರೈಫಲೊಂದನ್ನು ಹೆಚ್ಚಿಗೆ ಇಟ್ಟುಕೊಳ್ಳುವೆನೆಂದರೆ ಅದಕ್ಕೂ ಎಡೆಯಿಲ್ಲ. ೨೦೧೯ರ ತಿದ್ದುಪಡಿಯ ಪ್ರಕಾರ ಒಬ್ಬರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕುಗಳಿರಕೂಡದು. ವಂಶಪಾರಂಪರ್ಯವಾಗಿ ಬಂದವುಗಳಿಗೂ ಈ ಮಿತಿಯು ಸಲ್ಲುತ್ತದೆ.

ದುರಸ್ತಿಯ ಪರವಾನಗಿಯುಳ್ಳ ವ್ಯಾಪಾರಿಯ ಬಳಿಗೆ ರೈಫಲನ್ನು ಒಯ್ಯುವಾಗ ಪರವಾನಗಿಯ ಪುಸ್ತಕವನ್ನು ಸಂಗಡ ಒಯ್ದು, ರೈಫಲಿನ ಅಂಕಿಯನ್ನೂ ಮಾಡಿದ ಕೆಲಸವನ್ನೂ ಬರೆದ ರಸೀದಿಯನ್ನು ಪಡೆಯಬೇಕು. ಮರಳಿ ಪಡೆಯುವ ಮುನ್ನ ಮೇಲೆ ಹೇಳಿದ ಪರೀಕ್ಷೆಯನ್ನು ಅವನ ಎದುರಿನಲ್ಲಿಯೇ ಮಾಡಿ ನೋಡಲು ಸಂಕೋಚಪಡಬೇಕಾಗಿಲ್ಲ. ಬಲ್ಲವನಾದರೆ ಸಂತೋಷಪಡುವನು. ಹೊಂದುವ ಕೀಲು ದೊರೆಯದೆಂದು ಅವನು ಹೇಳಿದಲ್ಲಿ, ಅಲ್ಲಿಗೆ ಆ ರೈಫಲಿನ ಬಾಳು ಮುಗಿಯಿತೆಂದು ಒಪ್ಪಿಕೊಳ್ಳುವುದೇ ಸರಿ. ಅಜ್ಜನ ಸ್ಮಾರಕವೆಂಬ ಮಮತೆಯು ಸಹಜವಾದುದಾದರೂ ಮೊಮ್ಮಕ್ಕಳ ಪ್ರಾಣಕ್ಕಿಂತ ಅದು ದೊಡ್ಡದಲ್ಲ.

ಕೇಪಿನ ಕೋವಿಯೂ ತೋಟಾ ಕೋವಿಯೂ

ಬೆಳೆ ಕಾಯುವುದಕ್ಕೆ ಕಾಯಿದೆಯು ಹೇಳುವ ಆಯುಧವು ರೈಫಲಲ್ಲ. ಮೇಲಿನ ಕಾಯಿದೆಯ ೧೩ನೆಯ ಕಲಮು ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದಲ್ಲಿ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಬಂದೂಕನ್ನೂ ಹೇಳುತ್ತದೆ. ಇದರಲ್ಲಿ ಅರ್ಥವಿದೆ. ರೈಫಲಿನ ಗುಂಡು ತಪ್ಪಿದರೆ ಎರಡು ಕಿಲೋಮೀಟರಿಗೂ ಮಿಕ್ಕಿ ಹೋಗಬಲ್ಲದು. ನಮ್ಮ ಕಣಿವೆಗಳಲ್ಲಿ ಅಷ್ಟು ದೂರದೊಳಗೆ ಎಷ್ಟು ಮನೆಗಳಿರುವವೆಂಬುದನ್ನು ಎಣಿಸಿ ನೋಡಬಹುದು. ಕೊಯ್ಲಿನ ದಿವಸಗಳಲ್ಲಿ ಮರದ ತಲೆಯಲ್ಲಿ ಕೊನೆಗೌಡನಿರುತ್ತಾನೆ, ಅಡಿಯಲ್ಲಿ ಅಡಕೆ ಹೆಕ್ಕುವ ಹೆಂಗಸರಿರುತ್ತಾರೆ.

ಈ ಕೋವಿಗಳ ತಡೆಯು ಬಹಳ ಸರಳವಾದುದು. ಹೊರಗೆ ಕಾಣುವ ಕುದುರೆಯನ್ನು ಅರ್ಧಕ್ಕೆ ಎತ್ತಿದಾಗ ಅದು ಒಂದು ಆಳವಾದ ಕಚ್ಚಿನಲ್ಲಿ ನಿಲ್ಲುತ್ತದೆ; ಅಲ್ಲಿ ಟ್ರಿಗ್ಗರನ್ನೆಳೆದರೂ ಬೀಳಬಾರದು. ಬರಿದು ಕೋವಿಯಲ್ಲಿ ಇದನ್ನು ಎಳೆದು ನೋಡಿ, ಬಿದ್ದರೆ ಕಚ್ಚು ಮುರಿದಿದೆಯೆಂದು ತಿಳಿಯಬೇಕು. ಕುದುರೆಯನ್ನು ಪೂರ್ತಿ ಇಳಿಸಿ, ಅದರ ಮೂತಿಯು ಕೇಪಿನ ಮೇಲೆಯೇ ಕುಳಿತಿರುವಂತೆ ಒಯ್ಯುವುದು ತೀರ ಅಪಾಯಕರವಾದ ರೂಢಿ. ಸಂಕದ ಮೇಲೆ ಕಾಲು ಜಾರಿ ಕೋವಿ ಬಿದ್ದರೆ ಕುದುರೆಗೆ ತಗಲಿದ ಪೆಟ್ಟೇ ಕೇಪನ್ನು ಹಾರಿಸುವುದು. ಕೇಪನ್ನು ಹೊಡೆಯುವ ಸಮಯಕ್ಕೆ ಹಾಕತಕ್ಕದ್ದು, ದಾರಿಯಲ್ಲಿ ಕಿಸೆಯಲ್ಲಿರತಕ್ಕದ್ದು. ಹಂದಿಯ ದಾರಿಗೆ ಅಡ್ಡಲಾಗಿ ದಾರ ಕಟ್ಟಿ ಕೋವಿಯನ್ನು ತಾನೇ ಹಾರುವಂತೆ ಹೂಡುವ ಪದ್ಧತಿಗೆ ಯಾವ ತಡೆಯೂ ಇಲ್ಲ, ಯಾವ ಕ್ಷಮೆಯೂ ಇಲ್ಲ. ಅದು ಹಂದಿಯನ್ನೂ ದನಗಾಹಿಯನ್ನೂ ಬೇರೆ ಬೇರೆಯಾಗಿ ಅರಿಯದು.

ಪರವಾನಗಿಯ ಬಂದೂಕಿದ್ದ ಮಾತ್ರಕ್ಕೆ ತೋಟಕ್ಕೆ ಬಂದ ಪ್ರಾಣಿಯನ್ನು ಕೊಲ್ಲಬಹುದೆಂಬ ತಿಳಿವಳಿಕೆಯೂ ತಪ್ಪಾದುದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ, ಬೆಳೆಗೆ ಕೇಡು ಮಾಡುವ ಪ್ರಾಣಿಯೇ ಆದರೂ, ಅಧಿಕಾರವುಳ್ಳ ವನ್ಯಜೀವಿ ಅಧಿಕಾರಿಯ ಲಿಖಿತ ಅಪ್ಪಣೆಯಿಲ್ಲದೆ ಕೊಲ್ಲಕೂಡದು. ಕಾಡುಕೋಣ, ಸಿಂಗಳೀಕಗಳಿಗೆ ಈ ಕಾಯಿದೆಯು ಅತ್ಯಂತ ಕಠಿಣವಾದ ರಕ್ಷಣೆಯನ್ನು ಕೊಟ್ಟಿರುತ್ತದೆ. ಸಿದ್ದಾಪುರದ ಕಡೆಯ ಅಘನಾಶಿನಿ ಕಣಿವೆಯ ತೋಟಿಗರು ಸಿಂಗಳೀಕವನ್ನು ಸಾಮಾನ್ಯ ಮಂಗನೆಂದು ಎಣಿಸದಂತೆ ಎಚ್ಚರವಿರಬೇಕು.

ಊರ ಪ್ರಮುಖರು ಮಾಡಬಹುದಾದುದು

ಬಂದೂಕಿನ ಯಜಮಾನರು ಬಹಳ ಕಡೆಗಳಲ್ಲಿ ಈಗ ವೃದ್ಧರು. ಮಕ್ಕಳು ಬೆಂಗಳೂರು, ಹುಬ್ಬಳ್ಳಿಗಳಲ್ಲಿರುತ್ತಾರೆ. ರೈಫಲು ಹೇಗೆ ನಡೆಯುತ್ತದೆಂಬುದನ್ನು ಅರಿತವರು ಮನೆಯಲ್ಲಿ ಒಬ್ಬರೂ ಇಲ್ಲದಿರುವುದುಂಟು. ಬೇಸಗೆಯ ರಜೆಗೆ ಮೊಮ್ಮಕ್ಕಳು ಬಂದಾಗ ಪೆಟ್ಟಿಗೆಯನ್ನು ತೆರೆಯುವುದೂ ಉಂಟು. ಊರಿನಲ್ಲಿ ಹಿರಿತನವುಳ್ಳವರು ಇಂಥ ಮನೆಗಳಿಗೆ ಹೋದಾಗ ಮೂರು ವಿಷಯಗಳನ್ನು ಮೃದುವಾಗಿ ವಿಚಾರಿಸುವುದು ಉಚಿತ: ನಳಿಗೆಯು ಬರಿದಾಗಿದೆಯೋ, ತೋಟಾ ಬೇರೆ ಬೀಗದಲ್ಲಿದೆಯೋ, ತಡೆಕೀಲು ಆ ರೈಫಲಿನದೇ ಹೌದೋ. ಅಗುಳಿಯನ್ನು ಹೊರತೆಗೆದು ಬೇರೆ ಬೀಗದಲ್ಲಿಡುವುದು ಈ ಜಾತಿಯ ರೈಫಲುಗಳಿಗೆ ಅತಿ ಸುಲಭವಾದ ಉಪಾಯ. ಅಗುಳಿಯಿಲ್ಲದ ರೈಫಲು ಬರಿಯ ಕೊಳವೆ.

ಯಜಮಾನರಿಗೆ ಎಪ್ಪತ್ತು ವರ್ಷ ತುಂಬಿದ್ದರೆ, ಅಥವಾ ಬಂದೂಕು ಅವರಲ್ಲಿ ಇಪ್ಪತ್ತೈದು ವರ್ಷ ಇದ್ದಿದ್ದರೆ, ಅವರು ಬದುಕಿರುವಾಗಲೇ ಅರ್ಹನಾದ ವಾರಸುದಾರನ ಹೆಸರಿಗೆ ಪರವಾನಗಿಗೆ ಅರ್ಜಿ ಕೊಡುವುದಕ್ಕೆ ೨೦೧೬ರ ಆಯುಧ ನಿಯಮಗಳಲ್ಲಿ ಅವಕಾಶವಿದೆ. ಅರ್ಜಿಯು ಕಾರವಾರದ ಜಿಲ್ಲಾ ಮ್ಯಾಜಿಸ್ಟ್ರೇಟರ ಕಚೇರಿಗೆ ಹೋಗತಕ್ಕದ್ದು. ಪರವಾನಗಿಯುಳ್ಳವರು ತೀರಿಕೊಂಡಲ್ಲಿ, ಉತ್ತರಕ್ರಿಯೆಗಳ ಗಡಿಬಿಡಿಯಲ್ಲಿ ಬಂದೂಕು ಮರೆತುಹೋಗುವುದು ಸಾಮಾನ್ಯ. ಕಾಯಿದೆಯ ೨೧ನೆಯ ಕಲಮಿನಂತೆ ಅದನ್ನು ತಡಮಾಡದೆ ಸಮೀಪದ ಪೋಲೀಸು ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಇಟ್ಟು ರಸೀದಿ ಪಡೆಯಬೇಕು. ಒಪ್ಪಿಸುವ ಮೊದಲು ನಳಿಗೆಗೂ ಅಗುಳಿಗೂ ಎಣ್ಣೆ ಸವರಿ, ರೈಫಲಿನ ಅಂಕಿಯ ಸಂಗಡ ಅಗುಳಿಯ ಅಂಕಿಯನ್ನೂ ರಸೀದಿಯಲ್ಲಿ ಬರೆಯಿಸಿಕೊಂಡರೆ, ಮರಳಿ ತರುವ ದಿವಸ ಅದೇ ಅಗುಳಿಯು ಬಂತೋ ಇಲ್ಲವೋ ಎಂಬುದನ್ನು ನೋಡಿಕೊಳ್ಳಬಹುದು.